ಹಂಪೆಯ ಹರಿಹರದೇವನು

ಹೊಸಪೇಟೆಯಿಂದ ಹಂಪೆಗೆ ಬರುವ ಯಾತ್ರಿಕನ ಕಣ್ಣಿಗೆ ಮೊದಲು ಬೀಳುವವು ಅರಸರ ವೈಭವದ ಅವಶೇಷಗಳು. ಕೋಟೆಯ ಗೋಡೆಗಳು, ಆನೆಯ ಲಾಯ, ಕಲ್ಲಿನ ತೇರು, ನೀರಿನ ಹೊಂಡಗಳು, ಇವನ್ನೆಲ್ಲ ನೋಡಿದವನು ಹಂಪೆಯೆಂದರೆ ವಿಜಯನಗರವೆಂದೇ ತಿಳಿದು ಊರಿಗೆ ಮರಳುವುದು ಸಹಜವಾಗಿದೆ. ಕ್ಷೇತ್ರವಾದರೋ ಸಾಮ್ರಾಜ್ಯಕ್ಕಿಂತ ಬಹಳ ಹಿಂದಿನದು. ೧೩೩೬ರಲ್ಲಿ ವಿಜಯನಗರವು ಹುಟ್ಟುವುದಕ್ಕೆ ನೂರು ವರುಷಗಳಿಗೂ ಮೊದಲೇ ಇಲ್ಲಿ ಪಂಪಾಪತಿಯಾದ ವಿರೂಪಾಕ್ಷನ ಆರಾಧನೆ ನಡೆಯುತ್ತಿದ್ದಿತು. ೧೧೯೯ರ ಶಾಸನವೊಂದರಲ್ಲಿ ಆ ದೇವರಿಗೆ ಬಿಟ್ಟ ದತ್ತಿಯ ಮಾತು ಬರುತ್ತದೆ. ಆಗ ಹೊಸಪೇಟೆಯಿರಲಿಲ್ಲ, ಕೃಷ್ಣದೇವರಾಯನು ಅದನ್ನು ನಾಗಲಾಪುರವೆಂಬ ಹೆಸರಿನಿಂದ ಕಟ್ಟಿಸಿದುದು ೧೬ನೆಯ ಶತಮಾನದಲ್ಲಿ. ಗುಡಿಯ ಒಳಗೆ ಈಗ ಭಕ್ತರು ನೆರಳಿಗೆ ಕುಳಿತುಕೊಳ್ಳುವ ರಂಗಮಂಟಪವೂ ಆ ಅರಸನ ಕಾಲದ್ದು, ೧೫೧೦ರದು. ಹೊಳೆಯ ಕೆಳಗಣ ಕಂಪಿಲಿಯು ಮಾತ್ರ ಅಂದಿಗೇ ಹಳೆಯ ಊರಾಗಿದ್ದಿತು. ಸಂಡೂರಿನ ಬೆಟ್ಟದಲ್ಲಿ ಕುಮಾರಸ್ವಾಮಿಯ ಗುಡಿಯೂ ಇದ್ದಿತು. ಬಂಡೆಗಳ ನಡುವೆ ಹೊರಳಿ ಹರಿಯುವ ತುಂಗಭದ್ರೆ, ಹೇಮಕೂಟದ ಇಳಿಜಾರು, ಅದರ ಬುಡದಲ್ಲಿ ವಿರೂಪಾಕ್ಷನ ಸನ್ನಿಧಿ, ಅದರ ಸುತ್ತ ಹೂವಿನ ತೋಟಗಳು: ಇಂತಹ ಹಂಪೆಗೆ, ಅರಸರು ಬರುವುದಕ್ಕೆ ಮುಂಚೆ, ಅರಸನ ಚಾಕರಿಯನ್ನು ಬಿಟ್ಟು ಬಂದು ನೆಲೆನಿಂತವನು ಹರಿಹರದೇವನು. ಈ ಕ್ಷೇತ್ರದಲ್ಲಿ ಮುಂದೆ ಸಿಂಹಾಸನವೇರಿದ ಮೊದಲನೆಯ ಅರಸನ ಹೆಸರೂ ಹರಿಹರನೆಂದೇ ಇರುವುದರಿಂದ ಇಬ್ಬರನ್ನೂ ಒಂದಾಗಿ ಎಣಿಸುವವರುಂಟು. ಅರಸನಿಗೂ ಕವಿಗೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ.

ಮಹಾದೇವಭಟ್ಟನೂ ಶರ್ವಾಣಿಯೂ ಹರಿಹರನ ತಂದೆತಾಯಿಗಳೆಂದೂ ರುದ್ರಾಣಿಯು ಒಡಹುಟ್ಟಿದವಳೆಂದೂ ಆಕೆಯ ಮಗನೇ ರಾಘವಾಂಕನೆಂದೂ ಸಂಪ್ರದಾಯವು ಹೇಳುತ್ತದೆ. ಮಾಯಿದೇವನು ಈತನ ಗುರು. ಈತನ ಜೀವಿತದ ಸಂಗತಿಗಳನ್ನು ಹೇಳುವ ಕಥೆಗಳಲ್ಲಿ ಹೆಚ್ಚಿನವು, ಸಿದ್ಧನಂಜೇಶನ ರಾಘವಾಂಕಚರಿತ್ರೆಯೇ ಮೊದಲಾದ ಈಚಿನ ಗ್ರಂಥಗಳಲ್ಲಿ ಬಂದಿರತಕ್ಕವು. ದೋರಸಮುದ್ರದಲ್ಲಿ ನರಸಿಂಹಬಲ್ಲಾಳನ ಆಳಿಕೆಯಲ್ಲಿ ಹರಿಹರನು ಕರಣಿಕನಾಗಿದ್ದನೆಂಬುದು ಅವುಗಳ ಮಾತು. ಹೊಯ್ಸಳರಲ್ಲಿ ನರಸಿಂಹರು ಒಬ್ಬರಿಗಿಂತ ಹೆಚ್ಚಾಗಿರುವುದರಿಂದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಬಸವಾದಿ ಪ್ರಮಥರ ತರುವಾಯ, ೧೩ನೆಯ ಶತಮಾನದ ಮೊದಲ ಭಾಗದ ಆಸುಪಾಸಿನಲ್ಲಿ ಈತನಿದ್ದನೆಂದು ತಿಳಿದರೆ ನಮ್ಮ ಕಾರ್ಯಕ್ಕೆ ಸಾಕು.

ಕರಣಿಕನ ಕೆಲಸವು ಈಗಿನವರು ಎಣಿಸುವಷ್ಟು ಸಣ್ಣದಲ್ಲ. ಹಳ್ಳಿಯಿಂದ ಬಂದ ತೆರಿಗೆ, ಭಂಡಾರದಿಂದ ಹೋದ ಹೊನ್ನು, ಕುದುರೆಯ ಹುಲ್ಲಿನಿಂದ ಹಿಡಿದು ಅಂತಃಪುರದ ಪಟ್ಟೆಯ ವರೆಗೆ ಎಲ್ಲವೂ ಅವನ ಕೈಯಲ್ಲಿ ಹಾದು ಹೋಗಬೇಕು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ ಮಡಿಚಿದ ಕಡತದ ಮೇಲೆ ಬಳಪದಿಂದ ಲೆಕ್ಕವನ್ನು ಬರೆಯುವುದು ಕನ್ನಡನಾಡಿನ ಹಳೆಯ ಪದ್ಧತಿ. ಕರಿಯ ಬಟ್ಟೆಯ ಮೇಲಿನ ಬಿಳಿಯ ಬರಹವು ಕೈಯಿಂದ ಉಜ್ಜಿದರೆ ಅಳಿದುಹೋಗುತ್ತದೆ. ಆದುದರಿಂದಲೇ ಕರಣಿಕನ ಕೈಯ ಮೇಲೆ ಎಲ್ಲರ ಕಣ್ಣು. ಬರೆದ ಅಂಕಿಯನ್ನು ಒರಸಿದನೆಂಬ ಅಪವಾದಕ್ಕಿಂತ ದೊಡ್ಡ ಅಪವಾದವು ಅವನಿಗೆ ಬೇರೊಂದಿರಲಾರದು.

ಒಂದು ದಿನ ಓಲಗದಲ್ಲಿ ಅರಸನ ಎದುರಿನಲ್ಲಿಯೇ ಹರಿಹರನು ಬರೆಯುತ್ತಿದ್ದ ಕಡತವನ್ನು ಎರಡೂ ಕೈಗಳಿಂದ ಗಡಬಡಿಸಿ ಉಜ್ಜಿಬಿಟ್ಟನಂತೆ. ನೆರೆದವರು ಬೆರಗಾದರು, ಆಗದವರಿಗೆ ಒಳಗೊಳಗೇ ಸಂತೋಷವಾಗಿರಲೂ ಬಹುದು. ಅರಸನು ಕಾರಣವನ್ನು ಕೇಳಿದಾಗ, ಹಂಪೆಯ ವಿರೂಪಾಕ್ಷನ ಮುಂದಣ ತೆರೆಗೆ ದೀಪದ ಕುಡಿ ತಗಲಿ ಉರಿಯೆದ್ದುದನ್ನು ತಾನು ನಂದಿಸಿದುದಾಗಿ ಹರಿಹರನು ಬಿನ್ನವಿಸಿದನು. ದೋರಸಮುದ್ರವೆಲ್ಲಿ, ಹಂಪೆಯೆಲ್ಲಿ! ನಡುವೆ ಎಷ್ಟೋ ದಿನಗಳ ದಾರಿ. ಅರಸನು ಆಳನ್ನಟ್ಟಿ ವಿಚಾರಿಸಿದನು. ತೆರೆಯು ಸುಟ್ಟುದೂ ಆ ಹೊತ್ತಿಗೇ ಉರಿಯು ಆರಿದುದೂ ನಿಜವೆಂದು ತಿಳಿದು ಬಂದಿತು. ಅರಸನು ಕೈಮುಗಿದನು, ಕರಣಿಕನು ಕಡತವನ್ನು ಅಲ್ಲಿಯೇ ಇಟ್ಟು ಹಂಪೆಯ ದಾರಿಯನ್ನು ಹಿಡಿದನು.

ಈ ಕಥೆಯನ್ನು ಪವಾಡವೆಂದು ಹೇಳಿ ಮುಗಿಸುವವರೇ ಹೆಚ್ಚು. ಆದರೆ ಇದರೊಳಗೆ ಇನ್ನೊಂದು ಸಂಗತಿಯಿದೆ. ದೇಹವು ಒಂದು ಕಡೆ ದುಡಿಯುತ್ತ ಮನಸ್ಸು ಮತ್ತೊಂದು ಕಡೆಯಲ್ಲಿರುವ ಸ್ಥಿತಿಯನ್ನು ಹರಿಹರನು ಬಹುಕಾಲ ಅನುಭವಿಸಿರಬೇಕು. ಅರಸನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವನ ಮೇಲೆ ಕೋಪವೂ ಇರಲಿಲ್ಲ. ಅರಸನು ತನ್ನನ್ನು ನಂಬಿ ಕೈಮುಗಿದ ಗಳಿಗೆಯಲ್ಲಿಯೇ, ಎಂದರೆ ಅರಮನೆಯಲ್ಲಿ ತನ್ನ ಮಾತಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಬಂದಾಗಲೇ ಅವನು ಎದ್ದು ಹೋದನೆಂಬುದನ್ನು ಗಮನಿಸಬೇಕು. ಸೋತವನು ಬಿಟ್ಟು ಹೋಗುವುದು ಲೋಕದಲ್ಲಿ ಎಲ್ಲೆಡೆಯೂ ಉಂಟು. ಗೆದ್ದು ಬಿಟ್ಟವರು ಬಹಳ ಮಂದಿಯಿಲ್ಲ.

ಹಂಪೆಗೆ ಬಂದ ಹರಿಹರದೇವನು ಮನುಷ್ಯರನ್ನು ಹೊಗಳಿ ಕಾವ್ಯವನ್ನು ಬರೆಯೆನೆಂಬ ನಿಯಮವನ್ನು ಕೈಕೊಂಡನು. ಅಂದಿನ ಕವಿಗಳಿಗೆ ಅರಸನ ಆಶ್ರಯವು ಅನ್ನದ ದಾರಿಯಾಗಿದ್ದಿತು. ಕಾವ್ಯದ ನಾಯಕನಾದ ಪುರಾಣಪುರುಷನಿಗೂ ಅನ್ನವನ್ನಿಕ್ಕುವ ಅರಸನಿಗೂ ಒಂದೇ ಉಡುಗೆಯನ್ನು ತೊಡಿಸಿ ಹಾಡುವುದು ದೊಡ್ಡ ಕವಿಗಳಿಗೂ ರೂಢಿಯಾಗಿದ್ದಿತು. ಹರಿಹರನು ಆ ಬಾಗಿಲನ್ನು ತನಗೆ ತಾನೇ ಮುಚ್ಚಿಕೊಂಡನು. ಪಂಪಾಶತಕದಲ್ಲಿಯೂ ರಕ್ಷಾಶತಕದಲ್ಲಿಯೂ ಅವನು ವಿರೂಪಾಕ್ಷನೊಡನೆ ಮಾತನಾಡುವ ರೀತಿಯನ್ನು ನೋಡಿದರೆ, ಈ ನಿಯಮವು ಅವನಿಗೆ ಸುಲಭವಾಗಿರಲಿಲ್ಲವೆಂದು ತೋರುತ್ತದೆ. ಇಂದ್ರಿಯಗಳು ಎಳೆಯುವ ಎಳೆತವನ್ನೂ ಸಂಸಾರದ ಭಯವನ್ನೂ ಅವನು ಮುಚ್ಚಿಡದೆ ಹೇಳಿಕೊಳ್ಳುತ್ತಾನೆ. ಒಮ್ಮೆ ಮಗುವಿನಂತೆ ಮೊರೆಯಿಡುತ್ತಾನೆ, ಒಮ್ಮೆ ಸಾಲಕೊಟ್ಟವನಂತೆ ಜಗಳಕ್ಕೆ ನಿಲ್ಲುತ್ತಾನೆ. ತನ್ನನ್ನು ತಾನು ಗೆದ್ದವನೆಂದು ಎಲ್ಲಿಯೂ ತೋರಿಸಿಕೊಂಡಿಲ್ಲ.

ಅವನ ದಿನಚರಿ ಹೇಗಿದ್ದಿತೆಂಬುದನ್ನು ಊಹಿಸುವುದಕ್ಕೆ ಪುಷ್ಪರಗಳೆಯೆಂಬ ಸಣ್ಣ ಕೃತಿಯೊಂದೇ ಸಾಕು. ಬೆಳಗಾಗುವುದಕ್ಕೆ ಮೊದಲೇ ಎದ್ದು ಭಕ್ತನು ಹೂದೋಟಕ್ಕೆ ಹೋಗುತ್ತಾನೆ. ವಿರೂಪಾಕ್ಷನ ಪೂಜೆಗೆ ಹೂವನ್ನು ತರುತ್ತಾನೆ. ಇಷ್ಟೇ ವಿಷಯ. ಆದರೆ ಆ ಹೋಗುವ ರೀತಿಯನ್ನು ನೋಡಬೇಕು. ಮಲ್ಲಿಗೆ ಸಂಪಿಗೆ ಮೊದಲಾದ ಹೂಗಿಡಗಳನ್ನು ನೆಂಟರಿಷ್ಟರನ್ನು ಮಾತನಾಡಿಸುವಂತೆ ಹರಿಹರನು ಮಾತನಾಡಿಸುತ್ತಾನೆ. ದೇವರಿಗೆಂದು ಕೊಯ್ಯುವ ಹೂವಾದರೂ ಗಿಡಕ್ಕೆ ನೋವಾಗಬಾರದೆಂಬ ಎಚ್ಚರಿಕೆ ಆ ರಗಳೆಯ ನಡೆಯಲ್ಲೆಲ್ಲ ತುಂಬಿದೆ. ದೇವರ ಕಾರ್ಯವೆಂದ ಕೂಡಲೆ ಅಡ್ಡ ಬಂದವರನ್ನು ನೂಕಿ ನುಗ್ಗುವ ಭಕ್ತರನ್ನು ಜಾತ್ರೆಗಳಲ್ಲಿ ನಾವು ಕಾಣುತ್ತೇವಷ್ಟೆ. ಹರಿಹರನ ಭಕ್ತಿಯಲ್ಲಿ ಹೂವಿನ ಗಿಡವೂ ಪೂಜೆಯಲ್ಲಿ ಪಾಲುಗಾರನೇ. ಅದರ ಮನಸ್ಸನ್ನು ಒಲಿಸಿಕೊಂಡೇ ಹೂವನ್ನು ಪಡೆಯಬೇಕು.

ಕಾವ್ಯವನ್ನು ಬರೆಯುವುದಕ್ಕೆ ಅವನು ಆರಿಸಿಕೊಂಡ ಛಂದಸ್ಸು ಪಂಡಿತರಿಗೆ ಮೆಚ್ಚುಗೆಯಾಗಲಿಲ್ಲ. ಸಂಸ್ಕೃತ ವೃತ್ತ, ಕಂದ, ಗದ್ಯ ಇವುಗಳಿಂದ ಬಿಗಿದ ಚಂಪುವೇ ಆ ಕಾಲದಲ್ಲಿ ವಿದ್ವತ್ತಿನ ಗುರುತು. ರಗಳೆಯಾದರೋ ಎರಡೆರಡು ಸಾಲುಗಳಿಗೆ ಪ್ರಾಸವನ್ನು ಕೂಡಿಸಿಕೊಂಡು ಓಡುವ, ಓದಲು ಬಾರದವನೂ ಕೇಳಿ ನೆನಪಿನಲ್ಲಿಟ್ಟುಕೊಳ್ಳಬಲ್ಲ ಮಟ್ಟು. ರಗಳೆಯ ಕವಿಯೆಂದು ಅವನನ್ನು ಹಗುರಾಗಿ ಆಡಿದವರ ಬಾಯನ್ನು ಮುಚ್ಚಿಸುವುದಕ್ಕಾಗಿ ಅವನು ಗಿರಿಜಾಕಲ್ಯಾಣವೆಂಬ ಚಂಪುವನ್ನು ೧೦ ಆಶ್ವಾಸಗಳಲ್ಲಿ ರಚಿಸಿದನೆಂದು ಐತಿಹ್ಯ. ಅದೇ ಮೊದಲನೆಯ ಕೃತಿಯೆಂದು ಹೇಳುವವರೂ ಇದ್ದಾರೆ. ಪಂಪಾದೇವಿಯು ಹಂಪೆಯಲ್ಲಿ ತಪಸ್ಸನ್ನು ಮಾಡಿ ವಿರೂಪಾಕ್ಷನನ್ನು ವರಿಸಿದಳೆಂಬ ಸ್ಥಳಪುರಾಣವನ್ನೂ ವರುಷ ವರುಷವೂ ಅಲ್ಲಿ ನಡೆಯುವ ಫಲಪೂಜೆ ಕಲ್ಯಾಣೋತ್ಸವಗಳನ್ನೂ ಬಲ್ಲವರಿಗೆ, ಹಂಪೆಯ ಕವಿಯು ಗಿರಿಜೆಯ ಮದುವೆಯನ್ನೇ ಹಾಡಿದುದು ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಏನೇ ಇರಲಿ, ಚಂಪುವಿನಲ್ಲಿ ಗೆಲ್ಲಬಲ್ಲೆನೆಂದು ತೋರಿಸಿದ ಮೇಲೂ ಅವನ ಹೆಸರು ಉಳಿದುದು ರಗಳೆಗಳಿಂದಲೇ.

ನೂರಕ್ಕೂ ಮಿಕ್ಕ ಆ ರಗಳೆಗಳಲ್ಲಿ ಬರುವ ಜನರು ಯಾರೆಂಬುದನ್ನು ಸ್ವಲ್ಪ ನಿಂತು ನೋಡತಕ್ಕದ್ದು. ಅರಸರೂ ದಂಡನಾಯಕರೂ ಇಲ್ಲವೆಂದಲ್ಲ. ಕೇಶಿರಾಜ ದಣ್ಣಾಯಕನಂತಹವರು ಇದ್ದಾರೆ. ಆದರೆ ಕುಂಬಾರ, ಮಾದಾರ, ಬೇಡ, ಅಗಸ, ಒಕ್ಕಲಿಗ, ಹಾಲು ಹಿಡಿದು ನಿಂತ ಹುಡುಗಿ, ಇಂತಹವರ ಬದುಕನ್ನು ಒಬ್ಬೊಬ್ಬರಿಗೂ ಒಂದೊಂದು ಕಾವ್ಯವಾಗಿ ಬರೆಯಬೇಕೆಂದು ಕನ್ನಡದಲ್ಲಿ ಅದಕ್ಕೆ ಮೊದಲು ಯಾವ ಕವಿಗೂ ತೋಚಿರಲಿಲ್ಲ. ಅರಸನ ಕಡತದಲ್ಲಿ ಇವರ ಹೆಸರು ಬರುವುದಿದ್ದರೆ ತೆರಿಗೆಯ ಬಾಕಿಯಲ್ಲಿ ಬರಬೇಕು. ಹಳೆಯ ಕರಣಿಕನು ಇವರನ್ನು ಬೇರೊಂದು ಕಡತದಲ್ಲಿ ಬರೆದಿಟ್ಟನು.

ಭಲ್ಲುಕಿಯ ಕುಂಬಾರ ಗುಂಡಯ್ಯನನ್ನು ತೆಗೆದುಕೊಳ್ಳೋಣ. ಮಣ್ಣನ್ನು ತಂದು, ಹದಮಾಡಿ, ತಿಗರಿಯ ಮೇಲೆ ಮಡಕೆಯನ್ನೆತ್ತಿ, ಆವಿಗೆಯಲ್ಲಿ ಸುಟ್ಟು ಮಾರುವುದು ಅವನ ಕಾಯಕ. ಮಡಕೆಯನ್ನು ತಟ್ಟುವ ಸದ್ದು ಅವನ ಕೈಯಲ್ಲಿ ತಾಳವಾಗುತ್ತದೆ. ಆ ತಾಳವು ಕೈಲಾಸಕ್ಕೆ ಮುಟ್ಟುತ್ತದೆ. ಶಿವನು ಇಳಿದು ಬಂದು ಕುಂಬಾರನ ಮನೆಯಂಗಳದಲ್ಲಿ ಕುಣಿಯುತ್ತಾನೆ. ಅವನೊಡನೆ ಸಕಲ ಲೋಕವೂ ಕುಣಿಯುತ್ತದೆ. ಗುಂಡಯ್ಯನು ಕೆಲಸವನ್ನು ಬಿಟ್ಟು ತಪಸ್ಸಿಗೆ ಹೋಗಲಿಲ್ಲ. ಕೆಲಸದ ಸದ್ದೇ ದೇವರಿಗೆ ಸಾಕಾಯಿತು. ಮಾದಾರ ಚೆನ್ನಯ್ಯನ ಕಥೆಯೂ ಇದೇ ಜಾತಿಯದು. ಚೋಳರಾಜನ ಕುದುರೆಗಳಿಗೆ ಹುಲ್ಲನ್ನು ತರುವ ಚೆನ್ನಯ್ಯನು ಗುಟ್ಟಾಗಿ ನಡೆಸಿದ ಭಕ್ತಿಗೆ ಮೆಚ್ಚಿ ಶಿವನು ಅವನ ಅಂಬಲಿಯನ್ನು ಉಂಡನು. ಅರಮನೆಯ ನೈವೇದ್ಯವು ಹಾಗೆಯೇ ಉಳಿಯಿತು. ಅರಸನು ಕಾರಣವನ್ನರಿತು ಹುಡುಕಿಕೊಂಡು ಹೋಗಿ ಆಳಿನ ಕಾಲಿಗೆ ಬಿದ್ದನು. ಕೋಳೂರ ಕೊಡಗೂಸು ಊರಿಗೆ ಹೋದ ತಂದೆಯ ಮಾತಿನಂತೆ ಹಾಲನ್ನು ಒಯ್ದು, ದೇವರು ಕುಡಿಯದಿರಲು ತನ್ನಲ್ಲಿಯೇ ಏನೋ ತಪ್ಪಾಯಿತೆಂದು ಅತ್ತ ಅಳುವನ್ನು ಹರಿಹರನು ಬರೆದ ಬಗೆಯನ್ನು ಓದಿ ಕಣ್ಣು ಹನಿಯದವರು ವಿರಳ.

ಇವೆಲ್ಲಕ್ಕಿಂತ ಮಠದ ದಾಸೋಹದಲ್ಲಿ ದುಡಿಯುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಕಥೆಯು ಇಳೆಯಾಂಡಗುಡಿ ಮಾರನದು. ಒಂದು ಕಾಲಕ್ಕೆ ಸಿರಿವಂತನಾಗಿದ್ದ ಒಕ್ಕಲಿಗನು ಜಂಗಮದಾಸೋಹವನ್ನು ನಡೆಸಿ ನಡೆಸಿ ಬಡವನಾಗುತ್ತಾನೆ. ಮಳೆಗಾಲದ ಒಂದು ರಾತ್ರಿ, ಮನೆಯಲ್ಲಿ ಹಿಡಿ ಕಾಳಿಲ್ಲದಾಗ, ನೆನೆದು ಹಸಿದ ಜಂಗಮನೊಬ್ಬನು ಬಾಗಿಲಿಗೆ ಬರುತ್ತಾನೆ. ಸಾಲ ಹುಟ್ಟುವ ಮನೆಗಳು ಊರಿನಲ್ಲಿ ಉಳಿದಿಲ್ಲ. ಆಗ ದಾರಿಯನ್ನು ಕಂಡವಳು ಹೆಂಡತಿ. ಆ ದಿನವೇ ಗದ್ದೆಯಲ್ಲಿ ಬಿತ್ತಿದ ಬತ್ತವಿದೆಯಲ್ಲ, ಅದನ್ನು ಬಳಿದು ತರಬಹುದೆಂದಳು. ಮಾರನು ಕಗ್ಗತ್ತಲೆಯಲ್ಲಿ, ಸುರಿಯುವ ಮಳೆಯಲ್ಲಿ, ಕಾಲಿನಿಂದಲೇ ದಾರಿಯನ್ನು ತಡವರಿಸಿಕೊಂಡು ಹೋಗಿ, ನೀರಿನಲ್ಲಿ ತೇಲುತ್ತಿದ್ದ ಬಿತ್ತನೆಯ ಕಾಳನ್ನು ಕೈಯಿಂದ ಗೋರಿ ತಂದನು. ಉರಿಸಲು ಸೌದೆಯಿಲ್ಲ, ಮನೆಯ ಮಾಡಿನ ಮರವನ್ನು ಕಿತ್ತನು. ಮೇಲೋಗರಕ್ಕೆ ಹಿತ್ತಿಲ ಎಳೆಯ ಸೊಪ್ಪು. ಆಕೆಯು ಅಡಿಗೆಯನ್ನು ಮಾಡಿದಳು. ಒಕ್ಕಲುತನವನ್ನು ಬಲ್ಲವರಿಗೆ ಬಿತ್ತಿದ ಕಾಳನ್ನು ಮತ್ತೆ ಬಳಿಯುವುದೆಂದರೆ ಏನೆಂಬುದು ಗೊತ್ತು: ಅದು ಆ ರಾತ್ರಿಯ ಊಟವಲ್ಲ, ಮುಂದಿನ ವರುಷದ ಬದುಕು. ಕಂಪ್ಲಿಯ ಗದ್ದೆಗಳಲ್ಲಿ ಬತ್ತವನ್ನು ಬೆಳೆಯುವ ಭಕ್ತರಿಗೆ ಇದನ್ನು ವಿವರಿಸುವುದು ಸೂರ್ಯನಿಗೆ ದೀವಿಗೆಯನ್ನು ಹಿಡಿದಂತೆ.

ಈ ಮಾರನೂ ಕಣ್ಣಪ್ಪನೂ ನಂಬಿಯಣ್ಣನೂ ತಿರುನೀಲಕಂಠನೂ ತಮಿಳುನಾಡಿನವರು; ಅರುವತ್ತುಮೂವರು ಪುರಾತನರಲ್ಲಿ ಸೇರಿದವರು. ಇಲ್ಲಿ ಒಂದು ಮಾತನ್ನು ನೆನೆಯುವುದು ಯುಕ್ತವಾಗಿದೆ. ಹರಿಹರನಿಗಿಂತ ಹಿಂದೆ, ೧೧ನೆಯ ಶತಮಾನದಲ್ಲಿ, ಚೋಳ ರಾಜಾಧಿರಾಜನು ದಂಡೆತ್ತಿ ಬಂದು ಇದೇ ಕಂಪಿಲಿಯಲ್ಲಿದ್ದ ಚಾಲುಕ್ಯರ ಅರಮನೆಯನ್ನು ಹಾಳುಗೆಡವಿದ್ದನು. ಕನ್ನಡಿಗರಿಗೂ ಚೋಳರಿಗೂ ತಲೆಮಾರುಗಳ ಹಗೆ. ಎರಡು ನಾಡುಗಳ ಶಾಸನಗಳೂ ಆ ಹಗೆಯನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಕಂಪಿಲಿಯಿಂದ ಕೆಲವೇ ಹರಿದಾರಿಯ ದೂರದಲ್ಲಿದ್ದ ಹಂಪೆಯಲ್ಲಿ ಕುಳಿತು ಹರಿಹರದೇವನು ಆ ನಾಡಿನ ಒಕ್ಕಲಿಗನನ್ನು, ಕುಂಬಾರನನ್ನು, ಬೇಡನನ್ನು ಕನ್ನಡದ ಮನೆಮನೆಯ ನೆಂಟರನ್ನಾಗಿ ಮಾಡಿದನು. ದಂಡುಗಳು ನಡೆದಾಡಿದ ದಾರಿಯಲ್ಲಿಯೇ ಈ ಕಥೆಗಳೂ ಬಂದವು. ಇವರು ಪರನಾಡಿನವರೆಂಬ ಭಾವನೆಯ ಎಳೆಯೂ ಅವನ ರಗಳೆಗಳಲ್ಲಿ ಕಾಣದು. ಇಂದು ಸಂಡೂರಿನ ಸೀಮೆಯ ಒಬ್ಬ ಮುದುಕಿ ಬೇಡರ ಕಣ್ಣಪ್ಪನ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುವಾಗ ಅವನನ್ನು ನಮ್ಮ ಕಡೆಯವನೆಂದೇ ನಂಬಿ ಹೇಳುವಳು.

ಗುಣವಂತರನ್ನು ಪ್ರೀತಿಸುವುದು ಕಠಿನವಲ್ಲ. ದೋಷವುಳ್ಳವರ ವಿಷಯದಲ್ಲಿ ಕವಿಯ ಮನಸ್ಸು ಹೇಗಿದ್ದಿತೆಂಬುದನ್ನು ನಂಬಿಯಣ್ಣನ ರಗಳೆಯಲ್ಲಿ ಕಾಣಬಹುದು. ನಂಬಿಯು ಶಿವನಿಗೆ ಗೆಳೆಯ. ಆದರೆ ಇಬ್ಬರು ಹೆಣ್ಣುಗಳಲ್ಲಿ ಮನಸ್ಸನ್ನಿಟ್ಟು, ಒಬ್ಬಳಿಗೆ ಕೊಟ್ಟ ಮಾತನ್ನು ಮುರಿದು, ಕಣ್ಣುಗಳನ್ನು ಕಳೆದುಕೊಂಡವನು. ಮುನಿದ ಪರವೆಯನ್ನು ಸಂತೈಸುವುದಕ್ಕೆ ಶಿವನೇ ರಾತ್ರಿಯಲ್ಲಿ ದೂತನಾಗಿ ಓಡಾಡಬೇಕಾಯಿತು. ನೀತಿಯನ್ನು ಬೋಧಿಸುವ ಕವಿಯಾಗಿದ್ದರೆ ಇಲ್ಲಿ ನಾಲ್ಕು ಬುದ್ಧಿಯ ಮಾತುಗಳನ್ನು ಸೇರಿಸದೆ ಬಿಡುತ್ತಿರಲಿಲ್ಲ. ಹರಿಹರನು ಸೇರಿಸಲಿಲ್ಲ. ನಂಬಿಯ ತಪ್ಪನ್ನು ಅವನು ಮುಚ್ಚುವುದೂ ಇಲ್ಲ, ಅದಕ್ಕಾಗಿ ಅವನನ್ನು ಕೈಬಿಡುವುದೂ ಇಲ್ಲ. ಕನ್ನಡದ ರಗಳೆಗಳಲ್ಲೆಲ್ಲ ಇದೇ ಹಿರಿದೆಂದು ಅನೇಕ ರಸಿಕರು ಒಪ್ಪಿರುವುದು ನ್ಯಾಯವೇ ಆಗಿದೆ.

ಬಸವಣ್ಣನವರ ಚರಿತ್ರೆಯನ್ನು ಮೊಟ್ಟಮೊದಲು ಕನ್ನಡದಲ್ಲಿ ಕಾವ್ಯವಾಗಿ ಹೇಳಿದವನೂ ಹರಿಹರದೇವನೇ. ಅಕ್ಕಮಹಾದೇವಿಯವರ ಚರಿತ್ರೆಯೂ ಹಾಗೆಯೇ. ಶರಣರ ಕಾಲಕ್ಕೆ ಬಹಳ ಹತ್ತಿರದಲ್ಲಿ ಇದ್ದವನಾದುದರಿಂದ ಅವನ ಮಾತಿಗೆ ಇತಿಹಾಸವನ್ನು ಬರೆಯುವವರು ವಿಶೇಷ ಬೆಲೆಯನ್ನು ಕೊಡುತ್ತಾರೆ. ಕೂಡಲಸಂಗಮವನ್ನು ಬಿಟ್ಟು ಮಂಗಳವಾಡಕ್ಕೆ ಹೋಗೆಂದು ಸಂಗಮನಾಥನು ಅಪ್ಪಣೆಯನ್ನಿತ್ತಾಗ ಬಸವಣ್ಣನವರು ತಾಯಿಯನ್ನಗಲಿದ ಮಗುವಿನಂತೆ ದುಃಖಿಸಿದುದನ್ನು ಹರಿಹರನು ಹೇಳುತ್ತಾನೆ. ಮಂಗಳವಾಡದಲ್ಲಿ ಅವರು ಮೊದಲು ಕಾಲಿಟ್ಟುದು ಕರಣಿಕರ ನಡುವೆ. ಮೊದಲು ಮಾಡಿದುದು ಲೆಕ್ಕದಲ್ಲಿದ್ದ ತಪ್ಪನ್ನು ಎತ್ತಿ ತೋರಿಸಿದುದು. ಆ ಪ್ರಸಂಗವನ್ನು ಬರೆಯುವಾಗ ದೋರಸಮುದ್ರದ ಕಡತವು ಕವಿಯ ನೆನಪಿಗೆ ಬರದೆ ಇದ್ದೀತೆ? ಒಬ್ಬನು ಲೆಕ್ಕವನ್ನು ಬಿಟ್ಟು ಶಿವನೆಡೆಗೆ ಬಂದನು. ಇನ್ನೊಬ್ಬರನ್ನು ಶಿವನೇ ಲೆಕ್ಕದ ಮನೆಗೆ ಕಳುಹಿದನು. ಎರಡು ದಾರಿಗಳನ್ನೂ ಅವನು ಗೌರವಿಸಿದನು. ಎಲ್ಲರೂ ಚಾಕರಿಯನ್ನು ತೊರೆದು ಹಂಪೆಗೆ ಬರಬೇಕೆಂದು ಅವನು ಎಲ್ಲಿಯೂ ವಿಧಿಸಲಿಲ್ಲ. ಆ ರಗಳೆಯು ಪೂರ್ಣವಾಗಿ ದೊರೆಯದಿರುವುದು ನಮ್ಮ ದುರದೃಷ್ಟ.

ಇಷ್ಟು ಮೃದುವಾದ ಹೃದಯದವನ ಜೀವಿತದಲ್ಲಿ ಒಂದು ಕಠೋರ ಪ್ರಸಂಗವುಂಟು. ಅದನ್ನು ಬಿಟ್ಟು ಹರಿಹರನ ಚರಿತ್ರೆಯನ್ನು ಹೇಳಿದರೆ ಅರ್ಧವನ್ನು ಹೇಳಿದಂತಾಗುವುದು.

ತಂಗಿಯ ಮಗನಾದ ರಾಘವಾಂಕನನ್ನು ಹರಿಹರನು ತನ್ನ ಬಳಿಯಲ್ಲಿಯೇ ಇಟ್ಟುಕೊಂಡು ವಿದ್ಯೆಯನ್ನು ಕಲಿಸಿದನು. ಸೋದರಮಾವನೇ ಗುರು, ಗುರುವೇ ತಂದೆಯ ಸಮಾನ. ಹುಡುಗನು ಬೆಳೆದು ಮಾವನ ರಗಳೆಯ ದಾರಿಯನ್ನು ಬಿಟ್ಟು ಷಟ್ಪದಿಯೆಂಬ ಹೊಸ ಮಟ್ಟಿನಲ್ಲಿ ಹರಿಶ್ಚಂದ್ರನ ಕಥೆಯನ್ನು ಕಾವ್ಯವಾಗಿ ಬರೆದನು. ಓದಿದವರು ತಲೆದೂಗಿದರು. ಹಿರಿದಾದ ಹರ್ಷದಿಂದ ಅದನ್ನು ಮಾವನ ಮುಂದೆ ತಂದು ಒಪ್ಪಿಸಿದಾಗ ಹರಿಹರನು ಸಂತೋಷಪಡಲಿಲ್ಲ. ಶಿವನನ್ನೂ ಶಿವಶರಣರನ್ನೂ ಬಿಟ್ಟು ಸಾಯುವ ಮನುಷ್ಯನೊಬ್ಬನನ್ನು ಹೊಗಳಿದೆಯಾ ಎಂದು ಸಿಟ್ಟಿಗೆದ್ದು ಹಾವುಗೆಯಿಂದ ಹೊಡೆದನು. ರಾಘವಾಂಕನ ಐದು ಹಲ್ಲುಗಳು ಉದುರಿದವು. ಹೀಗೆಂದು ಕಥೆ.

ಭಕ್ತರಲ್ಲಿ ಕೆಲವರು ಇದನ್ನು ಗುರುವಿನ ನಿಷ್ಠೆಯ ಉದಾಹರಣೆಯೆಂದು ಕೊಂಡಾಡುತ್ತಾರೆ. ಆ ಮಾತು ಒಪ್ಪತಕ್ಕದ್ದಲ್ಲ. ಹರಿಹರನ ನಿಯಮವು ಹಿರಿದಾಗಿದ್ದಿತು. ಅರಸರ ಹೊಗಳಿಕೆಯಿಂದ ನಾಲಗೆಯನ್ನು ಕಾಪಾಡಿಕೊಳ್ಳಬೇಕೆಂಬ ಅದರ ಉದ್ದೇಶವೂ ಹಿರಿದು. ಆದರೆ ರಾಘವಾಂಕನು ಹಾಡಿದುದು ಬದುಕಿದ್ದ ಅರಸನ ಸಂಪತ್ತನ್ನಲ್ಲ. ರಾಜ್ಯವನ್ನೂ ಹೆಂಡತಿ ಮಕ್ಕಳನ್ನೂ ಕಳೆದುಕೊಂಡು ಸುಡುಗಾಡನ್ನು ಕಾಯುತ್ತಿದ್ದರೂ ಮಾತಿಗೆ ತಪ್ಪದಿದ್ದವನ ಬಾಳನ್ನು. ಗದ್ದೆಯ ಬಿತ್ತನೆಯನ್ನು ಬಳಿದು ತಂದ ಮಾರನಿಗೂ ಈ ಹರಿಶ್ಚಂದ್ರನಿಗೂ ಇರುವ ನೆಂಟತನವನ್ನು ಕಾಣುವುದು ಹರಿಹರನಂತಹವನಿಗೆ ಕಷ್ಟವಾಗಿರಬಾರದಿತ್ತು. ತನ್ನ ನಿಯಮವನ್ನು ತನಗೆ ಮಾತ್ರ ವಿಧಿಸಿಕೊಂಡಿದ್ದಾಗ ಅದು ಅವನನ್ನು ಎತ್ತರಕ್ಕೆ ಏರಿಸಿತು; ಅದನ್ನೇ ಎತ್ತಿ ಮತ್ತೊಬ್ಬನ ಮೇಲೆ ಬೀಸಿದ ಗಳಿಗೆಯಲ್ಲಿ ಹೂವಿನ ಗಿಡಕ್ಕೂ ನೋವಾಗಬಾರದೆಂದು ನಡೆದ ಕೈಯೇ ಮಗುವಿನಂತೆ ಸಾಕಿದವನ ಬಾಯನ್ನು ರಕ್ತಮಾಡಿತು. ಶರಣರ ಚರಿತ್ರೆಯನ್ನು ಬರೆದವನಿಗೂ ಇಂತಹ ಗಳಿಗೆಯು ಬರುವುದುಂಟು.

ಅಲ್ಲಿಂದ ಮುಂದಿನ ಕಥೆಯನ್ನು ಕೇಳಬೇಕು. ರಾಘವಾಂಕನು ಹಂಪೆಯನ್ನು ಶಪಿಸಿ ಹೋಗಲಿಲ್ಲ. ಮಾವನನ್ನು ಹಳಿದು ಒಂದು ಮಾತನ್ನೂ ಬರೆಯಲಿಲ್ಲ. ಹೊಡೆತವನ್ನು ಪ್ರಸಾದದಂತೆ ಸ್ವೀಕರಿಸಿ ಐದು ಶಿವಕಾವ್ಯಗಳನ್ನು ರಚಿಸಿದನು. ಒಂದೊಂದು ಕಾವ್ಯವು ಮುಗಿದಂತೆ ಒಂದೊಂದು ಹಲ್ಲು ಮರಳಿ ಬಂದಿತೆಂದು ಸಂಪ್ರದಾಯ. ಅವುಗಳಲ್ಲಿ ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ ಜನರಿಗೆ ನೀರನ್ನಿತ್ತ ಸಿದ್ಧರಾಮರ ಚರಿತ್ರೆಯಿದೆ, ಪುಲಿಗೆರೆಯಲ್ಲಿ ಸೋಮನಾಥನನ್ನು ನೆಲೆಗೊಳಿಸಿದ ಆದಯ್ಯನ ಕಥೆಯನ್ನು ಹೇಳುವ ಸೋಮನಾಥಚರಿತ್ರೆಯಿದೆ, ವೀರೇಶಚರಿತೆಯಿದೆ. ಹರಿಶ್ಚಂದ್ರಕಾವ್ಯವನ್ನು ಮಾವನು ಸುಡಿಸಲಿಲ್ಲವೆಂಬುದನ್ನೂ ಹೇಳಲೇಬೇಕು. ಅದು ಓಲೆಯಿಂದ ಓಲೆಗೆ ಪ್ರತಿಯಾಗಿ ಉಳಿದು ಬಂದು, ಇಂದು ಶಾಲೆಯ ಹುಡುಗರಿಗೂ ಪಾಠವಾಗಿದೆ. ಗುರುವಿನ ತೀರ್ಪನ್ನು ಕಾಲವು ಈ ಒಂದು ವಿಷಯದಲ್ಲಿ ಒಪ್ಪಲಿಲ್ಲ. ರಾಘವಾಂಕನು ಮಾತ್ರ ಕೊನೆಯ ವರೆಗೂ ಹಂಪೆಯ ಹರೀಶ್ವರನನ್ನು ತನ್ನ ಗುರುವೆಂದು ತಲೆಬಾಗಿ ಸ್ಮರಿಸಿದನು.

ಹರಿಹರನ ರಗಳೆಗಳೂ ಮಠಗಳ ಓಲೆಕಟ್ಟುಗಳಲ್ಲಿಯೇ ಶತಮಾನಗಳನ್ನು ಕಳೆದವು. ೧೫೬೫ರಲ್ಲಿ ಪಟ್ಟಣವು ಹಾಳಾದಾಗ ಅರಸರ ಭಂಡಾರಗಳಲ್ಲಿದ್ದುದು ಎಷ್ಟು ಉಳಿಯಿತೋ ತಿಳಿಯದು. ಹಳ್ಳಿಯ ಮಠದ ಅಟ್ಟದ ಮೇಲೆ, ಬಡ ಅಯ್ಯನವರ ಮನೆಯ ಜಗಲಿಯ ಗೂಡಿನಲ್ಲಿ ಇದ್ದ ಓಲೆಗಳು ಉಳಿದವು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದ ವಿಜಾಪುರದ ಫ. ಗು. ಹಳಕಟ್ಟಿಯವರು ಊರೂರಿಗೆ ತಿರುಗಿ ಇಂತಹ ಕಟ್ಟುಗಳನ್ನು ಕೂಡಿಸಿ ಹರಿಹರನ ರಗಳೆಗಳನ್ನು ಅಚ್ಚುಹಾಕಿಸಿದರು. ಬಸವರಾಜದೇವರ ರಗಳೆಯನ್ನು ತಳುಕಿನ ವೆಂಕಣ್ಣಯ್ಯನವರು ಪರಿಷ್ಕರಿಸಿ ಪ್ರಕಟಿಸಿದರು. ಅವರಿಂದಾಗಿ ಹಂಪೆಯ ಕವಿಯ ಮಾತು ಮತ್ತೆ ಜನರ ಕೈಗೆ ಬಂದಿತು.

ರಾಘವಾಂಕನ ಐದು ಶಿವಕಾವ್ಯಗಳಲ್ಲಿ ಎರಡು ಇದುವರೆಗೆ ದೊರೆತಿಲ್ಲ. ಒಂದು ಶರಭಚರಿತ್ರೆ. ಇನ್ನೊಂದರ ಹೆಸರು ಹರಿಹರಮಹತ್ವ. ಹೆಸರಿನಿಂದಲೇ ಅದು ಮಾವನ ಮಹಿಮೆಯನ್ನು ಸಾರುವ ಗ್ರಂಥವಾಗಿರಬೇಕೆಂದು ವಿದ್ವಾಂಸರು ತಿಳಿಯುತ್ತಾರೆ. ಉದುರಿದ ಹಲ್ಲುಗಳಲ್ಲಿ ಒಂದಕ್ಕೆ ಬದಲಾಗಿ ಅಳಿಯನು ಬರೆದ ಆ ಪುಸ್ತಕದ ಓಲೆಗಳು ಯಾವ ಮಠದ ಯಾವ ಕಟ್ಟಿನಲ್ಲಿಯೂ ಈವರೆಗೆ ಸಿಕ್ಕಿಲ್ಲ.